ಅತ್ತೆಯ ಒಂದೇ ಅಳತೆ

ನಮ್ಮ ಅತ್ತೆಯ ಹೆಸರು ಆರ್ವೆಲ್ಲಾ, ಊರ ಶಾಲೆಯ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿ ನಿವೃತ್ತರಾದವರು. ಊರ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ ಬಾಯಿ ಅದು, ಮನೆಗೆ ಬಂದ ಅಳಿಯ ಅದಕ್ಕೆ ಯಾವ ಲೆಕ್ಕ? ಕೆಂಟಕಿಯ ಬೆಟ್ಟಗಳ ನಡುವಿನ ನಮ್ಮ ಕಣಿವೆಯಲ್ಲಿ ಕೊನೆಯ ಮನೆ ಅವರದು. ಮದುವೆಯಾದ ಮೇಲೆ ನಾನೂ ಅವರ ಮಗಳು ಲೊರೀನಳೂ ಅಲ್ಲೇ ಉಳಿದೆವು.

ಆ ಮನೆಗೊಂದು ಕಾನೂನಿತ್ತು. ಪಿಸ್ತೂಲು ಯಾರದಾದರೂ ಆಗಲಿ, ಗುಂಡಿನ ಅಳತೆ ಒಂದೇ ಇರಬೇಕು: ನಲವತ್ತೈದು. ಹಿಂದೊಮ್ಮೆ ಹೊಳೆ ಉಕ್ಕಿ ರಸ್ತೆ ಕೊಚ್ಚಿಹೋದಾಗ ಕಾಡು ಸೇರಿದ್ದ ನಾಯಿಗಳ ಹಿಂಡು ಕೊಟ್ಟಿಗೆಗೆ ನುಗ್ಗಿತಂತೆ. ಅತ್ತೆಯ ಗುಂಡು ಮುಗಿದಿತ್ತು. ಪಕ್ಕದಲ್ಲೇ ಇದ್ದ ತಮ್ಮನ ಮನೆಯಲ್ಲಿ ಡಬ್ಬಿಗಟ್ಟಲೆ ಇತ್ತು, ಆದರೆ ಒಂದೂ ಇವರ ಪಿಸ್ತೂಲಿಗೆ ಹಿಡಿಸಲಿಲ್ಲ. ಮೇಕೆಗಳೆಲ್ಲ ಹೋದವು.

ನಾನು ತಂದದ್ದು ಅಪ್ಪನ ಮೂವತ್ತೆಂಟರ ರಿವಾಲ್ವರ್. ಹಿಡಿಗೆ ಕಪ್ಪು ಟೇಪು ಸುತ್ತಿದ್ದು.

"ಏನ್ ಅಳಿಯಂದ್ರೇ ಇದು? ಪೇಟೆ ಹೆಂಗಸ್ರು ಕೈಚೀಲದಲ್ಲಿ ಲಿಪ್‌ಸ್ಟಿಕ್ ಜೊತೆ ಇಟ್ಕೊಳ್ಳೋದಲ್ವಾ?"

"ಅಪ್ಪನದು, ಅತ್ತೆ. ಗುರಿ ತಪ್ಪಲ್ಲ."

"ತಪ್ಪದೇ ಇರ್ಲಿ. ನಿಮ್ ಗುಂಡು ಮುಗಿದ್ರೆ ನಂದು ಅದಕ್ಕೆ ಆಗುತ್ತಾ? ಅದನ್ನ ಹೇಳಿ."

ಬಂದೂಕು ಮಾರುವ ಹೋಬರ್ಟನ ಅಂಗಡಿಗೆ ಅದನ್ನು ಕೊಟ್ಟು ನಲವತ್ತೈದರದೊಂದು ತಂದೆ. ಒಳಗೊಳಗೇ ಕುದಿಯುತ್ತಿದ್ದೆ. ಭಾನುವಾರ ಊಟವಾದ ಮೇಲೆ ಕೊಟ್ಟಿಗೆಯ ಹಿಂದೆ ಡಬ್ಬಿಗಳಿಗೆ ಗುರಿಯಿಡುವುದು ನಮ್ಮಲ್ಲಿ ರೂಢಿ, ಮೊದಲ ಗುಂಡು ಅತ್ತೆಯದು. "ಕೈಚೀಲ ಎಲ್ಲಿ ಅಳಿಯಂದ್ರೇ?" ಎಂದು ಪ್ರತಿ ವಾರವೂ ಕೇಳುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅತ್ತೆ ಹಿಮದ ಮೇಲೆ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಭಾನುವಾರ ಕರೆದರೆ, "ಒಲೆ ಮೇಲೆ ಬೀನ್ಸ್ ಇದೆ, ನೀವು ಹೋಗಿ" ಎನ್ನುವರು. ಒಮ್ಮೆ ಬಾಗಿಲ ಸಂದಿಯಿಂದ ಕಂಡೆ. ನಲವತ್ತೈದರ ಆ ಪಿಸ್ತೂಲು ರಿವಾಲ್ವರಿನ ಹಾಗಲ್ಲ, ಅದರ ಮೇಲ್ಭಾಗವನ್ನು ಜಗ್ಗಿ ಹಿಂದಕ್ಕೆಳೆಯದೆ ಮೊದಲ ಗುಂಡು ನಳಿಗೆಗೆ ಏರುವುದಿಲ್ಲ. ಅತ್ತೆ ಹಲ್ಲು ಕಚ್ಚಿ ಎಳೆಯುತ್ತಿದ್ದರು, ಅದು ಅಲುಗಲಿಲ್ಲ.

ಹಗಲೆಲ್ಲ ನಾನು ಮರ ಕೊಯ್ಯುವ ಮಿಲ್ಲಿನಲ್ಲಿ. ಲೊರೀನಳಿಗೆ ಏಳು ತಿಂಗಳು, ಅವಳಂತೂ ಪಿಸ್ತೂಲು ಮುಟ್ಟುವವಳಲ್ಲ. ಪೊಲೀಸರಿಗೆ ಫೋನ್ ಮಾಡಿದರೆ ಬರಲು ಒಂದು ಗಂಟೆ ಬೇಕು.

"ಅತ್ತೆ, ನಿಮ್ ಕೈಗೆ ಆಗೋ ಅಂಥದ್ದು ಬೇರೆ ನೋಡೋಣ."

"ನನ್ ಕೈ ವಿಚಾರ ನಂಗ್ ಬಿಡಿ. ಬೇಲಿ ಬಿದ್ದಿದೆ, ಅದನ್ನ ನೋಡಿ."

ಶನಿವಾರ ಆ ಬೇಲಿಯನ್ನೇ ಕಟ್ಟುತ್ತಿದ್ದೆ. ಮನೆಯ ಕಡೆಯಿಂದ ಗುಂಡಿನ ಸದ್ದು ಬಂತು. ನಲವತ್ತೈದರದು ದಪ್ಪ ಸದ್ದು, ಇದು ಚುರುಕು. ಚಿಕ್ಕಂದಿನಿಂದ ಕೇಳಿದ ಸದ್ದು. ಇಕ್ಕಳ ಎಸೆದು ಓಡಿದೆ.

ಲೊರೀನ ಒಗೆದ ಬಟ್ಟೆಗಳ ಮಧ್ಯೆ ಕೂತುಬಿಟ್ಟಿದ್ದಳು. ಅವಳ ಬುಟ್ಟಿಯಿಂದ ನಾಲ್ಕು ಹೆಜ್ಜೆ ಆಚೆ ನರಿಯೊಂದು ಸತ್ತು ಬಿದ್ದಿತ್ತು. ಹುಚ್ಚು ಹಿಡಿದದ್ದು, ಬಾಯಿ ತುಂಬ ನೊರೆ. ಮೆಟ್ಟಿಲ ಮೇಲೆ ಅತ್ತೆ ನಿಂತಿದ್ದರು. ಕೈಯಲ್ಲಿದ್ದ ರಿವಾಲ್ವರಿನ ಹಿಡಿಗೆ ಕಪ್ಪು ಟೇಪು.

"ಬಾಯಿ ಮುಚ್ಚಿ ಅಳಿಯಂದ್ರೇ, ನೊಣ ಹೋದೀತು. ಅವಳನ್ನ ಎಬ್ಬಿಸಿ ಮೊದ್ಲು."

ರಾತ್ರಿ ಊಟಕ್ಕೆ ಕೂತಾಗ ಅವರೇ ಕೆಣಕಿದರು. "ಹೂಂ, ಈಗ ನೀವೂ ಕೈಚೀಲ ಅಂದ್ಬಿಡಿ. ಎಷ್ಟು ವರ್ಷದಿಂದ ಕಾಯ್ತಿದ್ದೀರೋ."

ಅವರು ಎಡಗೈಯಲ್ಲಿ ಚಮಚ ಹಿಡಿದಿದ್ದರು.

"ಹಾಗಾದ್ರೆ ನಿಮ್ ಕಾನೂನು, ಅತ್ತೆ?"

"ಅದಕ್ಕೇನಾಗಿದೆ? ಮನೆಗೆಲ್ಲ ಒಂದೇ ಅಳತೆ. ನಿಮ್ಮ ನಲವತ್ತೈದು ಕೊಟ್ಟು ಮೂವತ್ತೆಂಟು ತನ್ನಿ."

ಸೋಮವಾರ ಹೋದೆ. ಹೋಬರ್ಟ್ ನಗುತ್ತಾನೆಂದುಕೊಂಡಿದ್ದೆ. ಅವನು ನಗಲಿಲ್ಲ.

"ಪ್ಲಾಸ್ಟರ್ ಬಿಚ್ಚಿದ ವಾರಾನೇ ನಿಮ್ಮತ್ತೆ ಬಂದಿದ್ರು ಕಣೋ. ಇಲ್ಲಿರೋ ನಲವತ್ತೈದನ್ನೆಲ್ಲ ಎಳೆದು ನೋಡಿದ್ರು, ಒಂದೂ ಆಗ್ಲಿಲ್ಲ. ಕಣ್ಣಲ್ಲಿ ನೀರು. ಕೊನೆಗೆ ನೀನು ಕೊಟ್ಟಿದ್ದ ರಿವಾಲ್ವರನ್ನೇ ತೋರ್ಸಿದ್ರು. 'ಅಳಿಯನ ಮುಂದೆ ಮಾನ ಹೋದ್ರೂ ಹೋಗ್ಲಿ ಹೋಬರ್ಟ್, ಮನೇಲಿ ಬಸುರಿ ಇದಾಳೆ, ಅದನ್ನ ಕೊಡು' ಅಂದ್ರು."

ಮೂವತ್ತೆಂಟರದೊಂದನ್ನು ಆರಿಸಿಕೊಂಡೆ. ಗುಂಡಿನ ಡಬ್ಬಿಗಳನ್ನು ಅತ್ತೆಗೂ ನನಗೂ ಆಗುವಷ್ಟು ಕೊಂಡೆ.