ಮಿಷನ್ ರಿಪೇರಿಯವನ ಚಾನೆಲ್

ಹೊಲಿಗೆ ಮಿಷನ್ ರಿಪೇರಿಯವನಿಗೆ ತನ್ನ ಭಾವಮೈದುನನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮನೆಗೆ ಬಂದರೆ ಕೂರು ಎನ್ನುತ್ತಾನೆ, ಅಷ್ಟೇ. ಮುಖ ಕೊಟ್ಟು ಮಾತಾಡುವುದಿಲ್ಲ. ಹೆಂಡತಿ, "ನನ್ನ ತಮ್ಮ ಅಂತ ತಾನೇ ನಿಮಗಿಷ್ಟು ಸಸಾರ?" ಎಂದರೆ, "ನಿನ್ನ ತಮ್ಮ ಆಗಿದ್ದಕ್ಕೇ ಅವನು ಇನ್ನೂ ಹೊಸ್ತಿಲು ದಾಟ್ತಿದಾನೆ" ಎನ್ನುತ್ತಾನೆ.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಸಂದು. ಎರಡು ಮಿಷನ್ ಇಟ್ಟರೆ ಮೂರನೆಯದಕ್ಕೆ ಬೀದಿಯೇ ಗತಿ. ಅಲ್ಲಿ ಕೂತು ಇವನು ಸುಮ್ಮನೆ ಖುಷಿಗೆಂದು ವಿಡಿಯೊ ಮಾಡುತ್ತಿದ್ದ. ಹೆಂಡತಿ ಮೊಬೈಲು ಹಿಡಿಯುತ್ತಿದ್ದಳು, ಇವನು ಬಾಬಿನ್ ಕೇಸಿನಡಿ ಸೇರಿಕೊಂಡ ಧೂಳು, ದಾರದ ಚೂರು ಎತ್ತಿ ತೋರಿಸುತ್ತಿದ್ದ. ಮುಖ ಕಾಣುತ್ತಿರಲಿಲ್ಲ, ಬರೀ ಕೈ. ಕೆಲಸ ಮುಗಿದರೆ ವಿಡಿಯೊವೂ ಮುಗಿಯಿತು. ನೋಡುತ್ತಿದ್ದವರು ಕೆಲವೇ ಮಂದಿ. ಅವರಲ್ಲಿ ದೂರದೂರಿನ ಒಬ್ಬ ಟೈಲರ್ ಹೆಂಗಸು ಪ್ರತಿ ವಿಡಿಯೊದ ಕೆಳಗೂ ಬರೆಯುತ್ತಿದ್ದಳು: "ಅಣ್ಣ, ನೀವು ಹೇಳ್ದಂಗೆ ಮಾಡ್ದೆ, ದಾರ ಕಡಿಯೋದು ನಿಲ್ತು." ಅಂಥದ್ದನ್ನು ಓದಿದ ದಿನ ಇವನು ಗಿರಾಕಿಗಳ ಮೇಲೆ ಕೂಗಾಡುತ್ತಿರಲಿಲ್ಲ.

ಚಾನೆಲ್ ಇನ್ನು ನಾನೇ ನೋಡಿಕೊಳ್ಳುತ್ತೇನೆಂದು ಭಾವಮೈದುನ ಅದಕ್ಕೆ ಕೈ ಹಾಕಿದ.

"ಭಾವ, ಇಷ್ಟು ಬೇಗ ಹೇಳ್ಬಿಟ್ರೆ ಯಾರು ಕೂತು ನೋಡ್ತಾರೆ? ಸ್ವಲ್ಪ ಎಳೀರಿ."

"ಎಳೆಯೋಕೆ ಅದೇನು ರಬ್ಬರಾ? ಒಂದು ಸ್ಕ್ರೂ ಬಿಗಿ ಮಾಡೋದು ಕಣೋ!"

"ಆ ಸ್ಕ್ರೂನೇ ಕೊನೇಲಿ ತೋರ್ಸಿ. ಈಗ ವಿಡಿಯೊ ಮೇಲೆ ಹಾಕೋಕೆ, ಆಶ್ಚರ್ಯ ಆದಂಗೆ ಬಾಯಿ ಬಿಟ್ಕೊಂಡು ಒಂದು ಫೋಟೋ ಕೊಡಿ."

ಆ ಫೋಟೋ ನೋಡಿ ಹೆಂಡತಿ, "ಹಲ್ಲು ಕೀಳಿಸ್ಕೊಳ್ಳೋಕೆ ಹೋದಂಗಿದೀರಿ" ಎಂದು ಬಿದ್ದು ಬಿದ್ದು ನಕ್ಕಳು. ಬೈಯುತ್ತ ಬೈಯುತ್ತಲೇ ಇವನು ಎಲ್ಲಕ್ಕೂ ಒಪ್ಪಿಕೊಂಡ. ನೋಡುವವರು ಹೆಚ್ಚಿದ್ದರ ರುಚಿ ಇವನಿಗೂ ಹತ್ತಿತ್ತು.

ಆಮೇಲೆ ಯಾವುದೋ ಎಣ್ಣೆ ಕಂಪನಿಯವರು ಒಂದು ಪೆಟ್ಟಿಗೆ ಬಾಟಲಿ ಕಳಿಸಿದರು. "ನಾನು ಇದನ್ನೇ ಹಾಕೋದು" ಎಂದು ವಿಡಿಯೊದಲ್ಲಿ ಹೇಳಿದರೆ ಸಾಕಂತೆ. ಹೊಸ ಎಣ್ಣೆ ಬಂದರೆ ಮೊದಲು ಗುಜರಿ ಮಿಷನ್ನಿಗೆ ಬಿಟ್ಟು, ಕೆಲವು ದಿನ ಹಾಗೇ ಇಟ್ಟು, ಮತ್ತೆ ಚಕ್ರ ತಿರುಗಿಸಿ ನೋಡುವುದು ಇವನ ಪದ್ಧತಿ. "ಅಷ್ಟು ದಿನ ಅವರು ಕಾಯಲ್ಲ, ಒಂದೇ ಒಂದು ಮಾತು ಭಾವ" ಎಂದು ಭಾವಮೈದುನ ತಲೆ ತಿಂದ. ಮುಚ್ಚಳ ಬಿಚ್ಚಿ ಮೂಸಿಯೂ ನೋಡದೆ ಇವನು ಆ ಮಾತು ಹೇಳಿಬಿಟ್ಟ.

ಸ್ವಲ್ಪ ದಿನಕ್ಕೆ ಆ ಟೈಲರ್ ಹೆಂಗಸು ಬರೆದಳು: "ಅಣ್ಣ, ನೀವು ಹೇಳಿದ ಎಣ್ಣೆ ಅಂಟಾಗಿ ಮಿಷನ್ ಹಿಡ್ಕೊಂಡಿದೆ. ಯೂನಿಫಾರ್ಮ್ ಎಲ್ಲ ಅರ್ಧಕ್ಕೇ ನಿಂತಿದೆ. ಏನ್ ಮಾಡ್ಲಿ?" ಇವನು ಅದನ್ನು ಓದಿದವನೇ ಎದುರಿಗಿದ್ದ ಗಿರಾಕಿಯನ್ನು ಸಾಗಹಾಕಿ, ಕೈ ಒರೆಸಿಕೊಂಡು ಉತ್ತರ ಬರೆಯಹೋದರೆ ಕಮೆಂಟೇ ಇಲ್ಲ!

"ನಾನೇ ಅಳಿಸ್ದೆ, ಅವಳನ್ನ ಬ್ಲಾಕೂ ಮಾಡ್ದೆ. ಕಂಪನಿಯವರು ನೋಡಿದ್ರೆ ಏನ್ ಗತಿ?" ಎಂದ ಭಾವಮೈದುನ.

"ಆಯಮ್ಮನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!"

"ಆ ಎಣ್ಣೆ ಹಾಕೋದು ಅಂದಿದ್ದು ನೀವಲ್ವಾ ಭಾವ?"

ಇವನ ಸಿಟ್ಟು ಇವತ್ತಿಗೂ ಇಳಿಯದಿರುವುದು ಆ ಮಾತಿಗೇ.

ಎಣ್ಣೆಯ ವಿಡಿಯೊ ಕಿತ್ತು ಹಾಕಿದ. ಬ್ಲಾಕ್ ತೆಗೆಸಿ, ಅವಳ ಹಳೆಯ ಕಮೆಂಟುಗಳ ಕೆಳಗೆಲ್ಲ, "ಮಿಷನ್ ಕಳಿಸಮ್ಮ, ನಾನೇ ಬಿಚ್ಚಿ ಕ್ಲೀನ್ ಮಾಡ್ಕೊಡ್ತೀನಿ" ಎಂದು ಬರೆದ. ಸೀಮೆಎಣ್ಣೆ ಬಿಟ್ಟು ಅಂಟು ಕರಗಿಸುವುದನ್ನು ವಿಡಿಯೊ ಮಾಡಿ ಹಾಕಿದ. ಅದನ್ನು ನೋಡಿದವರೇ ಕಡಿಮೆ. ಅವರಲ್ಲಿ ಅವಳಿದ್ದಳೋ ಇಲ್ಲವೋ. ಅವಳಿಂದ ಉತ್ತರ ಬರಲಿಲ್ಲ, ಮಿಷನ್ನೂ ಬರಲಿಲ್ಲ. ಆ ಒಂದು ರಿಪೇರಿಯ ಋಣ ಇವನ ತಲೆಯ ಮೇಲೆ ಹಾಗೆಯೇ ಉಳಿದಿದೆ.