ಹೆರಿಗೆ ರಜೆ ಕೇಳುವುದಿಲ್ಲವೆಂಬ ಸಹಿ

ಅರವತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಜಯನಗರದ ವಠಾರಕ್ಕೆ ಬಂದ ಮೇಲೆ ನಾನೊಂದು ಔಷಧಿ ಕಾರ್ಖಾನೆಗೆ ಸೇರಿದೆ. ಕೆಮ್ಮಿನ ಔಷಧಿಯ ಸೀಸೆಗಳಿಗೆ ಚೀಟಿ ಅಂಟಿಸಿ ಪೆಟ್ಟಿಗೆಗೆ ತುಂಬುವ ಕೆಲಸ. ಹೆರಿಗೆಗೆ ರಜೆಯಾಗಲಿ ಸಂಬಳವಾಗಲಿ ಕೇಳುವುದಿಲ್ಲ ಎಂದು ಮ್ಯಾನೇಜರು ಸೇರುವ ದಿನವೇ ಹೆಂಗಸರಿಂದ ಸಹಿ ಹಾಕಿಸಿಕೊಳ್ಳುತ್ತಿದ್ದರು. ಹೊಸ ಮದುವಣಗಿತ್ತಿ, ನಾಚಿಕೊಂಡೇ ಸಹಿ ಹಾಕಿದೆ.

ಎರಡನೇ ವರ್ಷ ಬಸಿರಾದೆ. ನಮ್ಮತ್ತೆ ಮಗುವಿಗೆಂದು ಹಳೆಯ ಸೀರೆಗಳನ್ನು ಒಗೆದು ಮಡಿಸಿಟ್ಟರು. ಪೆಟ್ಟಿಗೆ ಎತ್ತುವಾಗ ಸೊಂಟ ಬಿಟ್ಟುಹೋದಂತಾಗುತ್ತಿತ್ತು. ಎಂಟು ತಿಂಗಳು ತುಂಬಿದ ಮೇಲೆ ಮ್ಯಾನೇಜರ ಮುಂದೆ ನಿಂತೆ.

"ಸಾರ್, ಇನ್ನು ಮನೇಲಿರ್ತೀನಿ. ಹೆರಿಗೆ ಆದ್ಮೇಲೆ ಬರ್ತೀನಿ."

"ಹೋದ್ರೆ ಹೋದ ಹಾಗೇ ಕಣಮ್ಮ. ಸಹಿ ಹಾಕಿದ್ದೀಯಲ್ಲ?"

ನಮ್ಮ ಯಜಮಾನರಿಗೆ ಆಗ ಖಾಯಂ ಕೆಲಸವಿರಲಿಲ್ಲ. ಸುಮ್ಮನೆ ಹಿಂದಿರುಗಿ ಪೆಟ್ಟಿಗೆ ಎತ್ತಿದೆ. ಅದೇ ವಾರ ಕೆಲಸದ ನಡುವೆ ನೋವು ಕಾಣಿಸಿಕೊಂಡಿತು. ಆಸ್ಪತ್ರೆ ಸೇರುವಷ್ಟರಲ್ಲಿ ಸೀರೆಯೆಲ್ಲ ರಕ್ತ. ಹೆಣ್ಣು ಮಗು. ಅಳಲೇ ಇಲ್ಲ. ತಲೆತುಂಬ ಕೂದಲಿತ್ತೆಂದು ಅತ್ತೆ ಆಮೇಲೆ ಹೇಳಿದರು. ನನಗೆ ಮುಖ ತೋರಿಸಿರಲಿಲ್ಲ.

ಮೈ ಚೇತರಿಸಿಕೊಂಡು ಕಾರ್ಖಾನೆಗೆ ಹೋದರೆ ಒಳಗೆ ಬಿಡಲಿಲ್ಲ. ಯಜಮಾನರು ನನ್ನನ್ನು ನಾಲ್ಕನೇ ಬ್ಲಾಕಿನ ವಕೀಲರೊಬ್ಬರ ಮನೆಗೆ ಕರೆದುಕೊಂಡು ಹೋದರು. ವಯಸ್ಸಾದವರು, ನಾವು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಆ ಸಹಿ ನಡೆಯಲ್ಲಮ್ಮ. ಹೆರಿಗೆ ರಜಾ ಅನ್ನೋದು ಕಾನೂನು ಕೊಟ್ಟಿರೋದು. ಬೇಡ ಅಂತ ನೀವೇ ಬರ್ಕೊಟ್ರೂ ಆ ಕರಾರಿಗೆ ಬೆಲೆ ಇಲ್ಲ. ಕೆಲಸದಿಂದ ತೆಗೆಯೋ ಹಾಗೂ ಇಲ್ಲ."

ಯಜಮಾನರ ಮುಖ ಅರಳಿತು. ನಾನು ಕೇಳಿದೆ:

"ಹಾಗಾದ್ರೆ ಅವತ್ತು ನಾನು ಮನೇಲೇ ಇರಬಹುದಾಗಿತ್ತಾ, ಸಾರ್?"

ಅವರು ಒಳಗೆ ತಿರುಗಿ, "ಇವರಿಗೆ ಸ್ವಲ್ಪ ಕಾಫಿ ತಂದ್ಕೊಡು" ಎಂದು ಹೆಂಡತಿಗೆ ಹೇಳಿದರು. ಆಮೇಲೆ, ನನ್ನ ಕಡೆ ನೋಡದೆ, "ಇರಬಹುದಾಗಿತ್ತಮ್ಮ" ಎಂದರು.

ಕಾಫಿ ಬಂತು. ನಾನು ಕುಡಿಯಲಿಲ್ಲ.

ವಕೀಲರ ನೋಟೀಸು ತಲುಪಿದ ಮೇಲೆ ಕಾರ್ಖಾನೆಯವರು ರಜೆಯ ಸಂಬಳ ಕೊಟ್ಟು ಕೆಲಸಕ್ಕೂ ಕರೆದರು. ಹೋದೆ. ಹೊಟ್ಟೆ ಕೇಳಬೇಕಲ್ಲ. ಅಲ್ಲಿಂದಾಚೆಗೆ ಯಾರು ಬಸಿರಾದರೂ, "ಸಹಿಗೆ ಹೆದರ್ಬೇಡ ಕಣೇ, ಮನೆಗೆ ಹೋಗು" ಎನ್ನುತ್ತಿದ್ದೆ. ಹೋಗುತ್ತಿದ್ದರು. ಹೆತ್ತು, ಕೂಸನ್ನು ತೋರಿಸಲು ಬರುತ್ತಿದ್ದರು. ನಾನೂ ಎತ್ತಿಕೊಳ್ಳುತ್ತಿದ್ದೆ. ನನಗೆ ಮತ್ತೆ ಮಕ್ಕಳಾಗಲಿಲ್ಲ. ಕೂಸನ್ನು ತಾಯಿಯ ಕೈಗೆ ಹಿಂದಿರುಗಿಸಿದ ಮೇಲೆ ನನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.