ಬಡೇ ಗುಂಡಿನ ಬಣ್ಣ

ಹೈದರಾಬಾದಿನ ಅಂಚಿನಲ್ಲಿದ್ದ ಆಗಿನ ಮಣಿಕೊಂಡದಲ್ಲಿ ಮನೆಗಳಿಗಿಂತ ಬಂಡೆಗಳೇ ಹೆಚ್ಚಿದ್ದವು ಎಂದರೆ, ಈಗ ಅಲ್ಲಿ ಫ್ಲ್ಯಾಟ್ ಕೊಂಡವರು ನಂಬುವುದಿಲ್ಲ. ನಮ್ಮದು ಮೂರಂತಸ್ತಿನ ಕಟ್ಟಡ, ನಾವಿದ್ದದ್ದು ಎಲ್ಲಕ್ಕಿಂತ ಮೇಲೆ. ಹಿಂದಿನ ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ಬೇವಿನ ಮರಗಳು, ಸೀತಾಫಲದ ಪೊದೆಗಳು, ಅವುಗಳ ನಡುವೆ ಒಂದರ ಮೇಲೊಂದು ಕೂತ ಎರಡು ಭಾರೀ ಬಂಡೆಗಳು. ಮೇಲಿನದು ಇನ್ನೇನು ಬಿದ್ದೇಬಿಟ್ಟಿತು ಅನ್ನುವ ಹಾಗೆ ಓರೆಯಾಗಿ ಕೂತಿತ್ತು. ಓಣಿಯ ಮಕ್ಕಳೆಲ್ಲ ಅದನ್ನು ಬಡೇ ಗುಂಡು ಎಂದು ಕರೆಯುತ್ತಿದ್ದೆವು. ಬಡೇ ಎನ್ನುವುದು ಹಿಂದಿ, ಗುಂಡು ಎಂದರೆ ತೆಲುಗಿನಲ್ಲಿ ಬಂಡೆ. ಅದನ್ನು ಹತ್ತಿ, ಜಾರಿ, ಲಂಗ ಹರಿದುಕೊಂಡು ಬಂದ ಮೇಲೆ ಬೈಸಿಕೊಳ್ಳುತ್ತಿದ್ದದ್ದು ಮಾತ್ರ ಶುದ್ಧ ಬಾಗಲಕೋಟೆ ಕನ್ನಡದಲ್ಲಿ.

ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಬೆಳಕು ಹರಿಯುವ ಹೊತ್ತಿಗೆ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸಿಗೆ ಹೊರಡುತ್ತಿದ್ದ. ಅವ್ವ ಬೇಸಿಗೆಯಿಡೀ ಮಾಳಿಗೆಯ ಗಚ್ಚಿನ ಮೇಲೆ ಸಂಡಿಗೆ, ಹಪ್ಪಳ ಒಣಹಾಕಿಕೊಂಡು ಕಾಗೆ ಕಾಯುತ್ತಿದ್ದಳು. ತಂಗಿ ಸುಮಿಗೆ ಏಳು ವರ್ಷ. ಅವಳಿಗೆ ಜಾರುವುದೇ ಕೆಲಸ. ಇನ್ನು ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಸಿಕಂದರಾಬಾದಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ರಜೆ ಬಂತೆಂದರೆ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಬಣ್ಣದ ಡಬ್ಬಿ ಹಿಡಿದು ನಮ್ಮಲ್ಲಿಗೆ ಬಂದಿಳಿಯುತ್ತಿದ್ದಳು. ಊಟದಲ್ಲಿ ಉಪ್ಪು ಕಡಿಮೆಯಾದರೆ ಸುಮ್ಮನೆ ಉಂಡು ಏಳುತ್ತಿದ್ದಳು. ಚಿತ್ರದಲ್ಲಿ ನೆರಳು ತಪ್ಪಿದರೆ ಮಾತ್ರ ಬಿಡುವ ಪೈಕಿ ಅಲ್ಲ.

ನಾನು ಏಳನೆಯ ತರಗತಿ ಮುಗಿಸಿದ ಬೇಸಿಗೆ ಅದು. ಒಂದು ದಿನ ಯಾರೋ ನಾಲ್ಕೈದು ಮಂದಿ ಬಂದು ಬಡೇ ಗುಂಡಿನ ಮೈಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಸಂಜೆ ಅಪ್ಪ ವಿಚಾರಿಸಿಕೊಂಡು ಬಂದ.

"ಜಾಗಾ ಮಾರಾಟ ಆಗೇತಿ. ಮಳಿಗಾಲಕ್ಕಿಂತ ಮೊದಲ ಮದ್ದಿಟ್ಟು ಒಡೀತಾರಂತ. ಅಪಾರ್ಟ್‌ಮೆಂಟ್ ಬರತೈತಿ."

ಸುಮಿ ಅಲ್ಲೇ ರಾಗ ತೆಗೆದಳು, ಇನ್ನು ಜಾರುವುದೆಲ್ಲಿ ಅಂತ. ನನಗೆ ಅಳು ಬರಲಿಲ್ಲ, ಹಟ ಬಂತು. ಅದು ಹೋಗುವುದರೊಳಗೆ ಅದನ್ನು ಕಾಗದದ ಮೇಲೆ ಇಳಿಸಿಟ್ಟುಕೊಳ್ಳಬೇಕು ಅನ್ನಿಸಿತು. ಅಪ್ಪ ತನ್ನ ಫೋನಿನಲ್ಲಿ ಒಂದು ಫೋಟೋ ತೆಗೆದು "ಆತಿಲ್ಲ, ಇಷ್ಟ" ಎಂದ. ಆಗಿನ ಫೋನು ಅದು. ನಮ್ಮ ಬಡೇ ಗುಂಡು ಅದರಲ್ಲಿ ಹುರಿದ ಶೇಂಗಾ ಕಾಳಿನಷ್ಟು ಕಂಡಿತು.

ಮರುದಿನ ದೊಡ್ಡವ್ವನ ಡಬ್ಬಿ ಬಿಚ್ಚಿ, ಕಪ್ಪು ಬಿಳಿ ಕಲಸಿ ಬೂದಿ ಬಣ್ಣ ಮಾಡಿ, ಧಾರಾಳವಾಗಿ ಬಳಿದೆ. ಅಪ್ಪ ಚಿತ್ರವನ್ನು ದೂರ ಹಿಡಿದು ನೋಡಿ "ಆಲೂಗಡ್ಡಿ ಚಲೋ ಬಂದೈತಿ" ಎಂದ. ದೊಡ್ಡವ್ವ ನಗಲಿಲ್ಲ. ಡಬ್ಬಿಯಿಂದ ಕಪ್ಪು, ಬಿಳಿ ಎರಡನ್ನೂ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

"ಕಲ್ಲು ಬೂದಿ ಬಣ್ಣ ಅಂತ ನಿಂಗ ಯಾರ ಹೇಳಿದ್ರು?"

"ಕಲ್ಲು ಅಂದ್ರ ಬೂದೀನ ಅಲ್ಲೇನು ದೊಡ್ಡವ್ವ?"

"ಹೋಗಿ ನೋಡು. ನೋಡಿ ಬಂದು ಹೇಳು. ಅಲ್ಲೀತನಕ ಬ್ರಶ್ ಮುಟ್ಟಬ್ಯಾಡ."

ಅಲ್ಲಿಯವರೆಗೆ ನಾನು ಆ ಬಂಡೆಯನ್ನು ಹತ್ತಿದ್ದೆ, ಅದರ ನೆರಳಿನಲ್ಲಿ ಕೂತು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದಿದ್ದೆ, ನೋಡಿರಲಿಲ್ಲ. ಈಗ ನೋಡಿದರೆ ಮಳೆನೀರು ಇಳಿದ ಜಾಡು ತುಕ್ಕಿನ ಬಣ್ಣಕ್ಕಿದೆ. ಬುಡದಲ್ಲಿ ಒಣಗಿದ ಪಾಚಿ. ನೆರಳಿನಲ್ಲಿ ನಿಜವಾಗಿಯೂ ನೀಲಿ ಇತ್ತು. ಓಡಿ ಬಂದು ಹೇಳಿದೆ. ದೊಡ್ಡವ್ವ ನೀಲಿಗೆ ಇಟ್ಟಿಗೆಯ ಕಂದು ಬೆರೆಸಿ ತೋರಿಸಿದಳು. ನೀರು ಹೆಚ್ಚು ಕಡಿಮೆಯಾದಂತೆ ಅದೇ ಬಣ್ಣ ಒಮ್ಮೆ ಮೋಡದಂತೆ, ಒಮ್ಮೆ ಬಂಡೆಯಂತೆ ಆಗುವುದನ್ನು ನೋಡಿ ನಾನು ಹುಚ್ಚಾದೆ. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ.

ಹೈದರಾಬಾದಿನ ಬೇಸಿಗೆ ನೀರುಬಣ್ಣಕ್ಕೆ ಶತ್ರು. ಬ್ರಶ್ಶು ಕಾಗದದ ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ಹಿಂದಿನದು ಒಣಗಿ ಗೆರೆ ಬಿದ್ದಿರುತ್ತಿತ್ತು. ದೊಡ್ಡವ್ವ ಕಾಗದದ ಬೆನ್ನಿಗೆ ನೀರು ಹಚ್ಚಿ, ಬಾಲ್ಕನಿಗೆ ಒದ್ದೆ ಚಾದರ ಕಟ್ಟಿ, ಕೋಣೆಯ ಕೂಲರನ್ನು ನನ್ನ ಕಡೆ ತಿರುಗಿಸಿದಳು. ಕೂಲರಿನ ಹುಲ್ಲಿನ ಒದ್ದೆ ವಾಸನೆ ಇವತ್ತಿಗೂ ಎಲ್ಲಿ ಬಂದರೂ ನನಗೆ ಬಣ್ಣದ ನೆನಪೇ ಆಗುತ್ತದೆ. ಮಧ್ಯಾಹ್ನದ ಗಾಳಿ ಕಳೆದುಕೊಂಡ ಅವ್ವ ಗೊಣಗಿದಳು. ಅಪ್ಪನಂತೂ ಒಂದು ಸಂಜೆ ದಣಿದು ಬಂದವನು, ನಾನು ಬ್ರಶ್ಶು ತೊಳೆದಿಟ್ಟಿದ್ದ ಲೋಟವನ್ನು ಬೆಲ್ಲದ ಪಾನಕವೆಂದು ಎತ್ತಿ ಒಂದು ಗುಟುಕು ಕುಡಿದೇಬಿಟ್ಟ.

"ಅಕ್ಕಾರ, ನಿಮ್ಮ ಕಲ್ಲು ನನ್ನ ಹೊಟ್ಟ್ಯಾಗ ಹೋತು ನೋಡ್ರಿ," ಎಂದ ಬಾಯಿ ಮುಕ್ಕಳಿಸುತ್ತ.

"ಚಲೋ ಆತು. ಇಡೀ ಓಣ್ಯಾಗ ಅದನ್ನ ಉಳಿಸ್ಕೊಂಡವರು ನೀವೊಬ್ಬರ," ಎಂದಳು ದೊಡ್ಡವ್ವ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಿಸಿಲು. ಬಿಸಿಲು ಬಿದ್ದ ಕಡೆ ಏನು ಬಳಿದರೂ ಮಬ್ಬಾಗುತ್ತಿತ್ತು. ಬಿಳಿ ಬಣ್ಣ ವಾಪಸ್ಸು ಕೊಡು ಅಂತ ಗೋಗರೆದೆ. ದೊಡ್ಡವ್ವ ಕೊಡಲಿಲ್ಲ. "ಬೆಳಕ ಹಚ್ಚೂದಲ್ಲವ್ವಾ, ಬಿಡೂದು," ಎಂದಳು. ಅಂದರೆ ಕಾಗದದ ಬಿಳಿಯನ್ನು ಮುಟ್ಟದೆ ಹಾಗೇ ಉಳಿಸಬೇಕು. ಕೈ ಕೇಳಬೇಕಲ್ಲ, ಬಿಟ್ಟ ಜಾಗ ಕಂಡರೆ ತುಂಬಿಬಿಡೋಣ ಅನ್ನುತ್ತಿತ್ತು. ಆಲೂಗಡ್ಡೆ ಬದನೆಕಾಯಿಯಾಯಿತು, ಬದನೆಕಾಯಿ ಗಂಟುಮೂಟೆಯಾಯಿತು. ಒಂದು ಸಂಜೆ ಅಪ್ಪ ಬಹಳ ಹೊತ್ತು ನೋಡಿ, ತಮಾಷೆ ಮಾಡದೆ, "ಈಗ ಕಲ್ಲಿನಗತೆ ಕಾಣಾಕತ್ತೈತಿ" ಎಂದಾಗ ನಾನು ಆ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ಆಗ ದೊಡ್ಡವ್ವ ತನ್ನ ಚೀಲದ ತಳದಿಂದ ಒಂದು ದಪ್ಪನೆಯ ದೊಡ್ಡ ಹಾಳೆ ತೆಗೆದಳು. ತನಗೆಂದು ಇಟ್ಟುಕೊಂಡಿದ್ದದ್ದು, ಅಂಥದ್ದು ಅದೊಂದೇ. "ಇನ್ನೂ ಒಂದು ವಾರ ಐತಿ ಅಂತ ನಿಮ್ಮಪ್ಪ ಅಂದಾನ. ಅವಸರ ಮಾಡಬ್ಯಾಡ," ಎಂದಳು. ಶನಿವಾರ ಸಂಜೆ ಬಂಡೆಯ ಜಾಗವನ್ನು ಖಾಲಿ ಬಿಟ್ಟು ಸುತ್ತಲೂ ಆಕಾಶ ಹರಡಿದೆ. ಬೇವು ಬಂತು, ಸೀತಾಫಲದ ಪೊದೆ ಬಂತು, ದಾರಿಯ ಕೆಮ್ಮಣ್ಣು ಬಂತು. ಎಲ್ಲವೂ ಹೇಳಿದ ಮಾತು ಕೇಳಿದವು. ಬಂಡೆಗೆ ಬೆಳಗಿನ ಬೆಳಕು ಬೇಕು, ನಾಳೆ ಮಾಡೋಣ ಎಂದು ಮಲಗಿದೆ.

ಭಾನುವಾರ ನಾನು ಹಲ್ಲುಜ್ಜುತ್ತಿರುವಾಗಲೇ ಕೆಳಗೆ ಸೀಟಿ ಕೇಳಿಸಿತು. ಕೆಂಪು ಬಾವುಟ ಹಿಡಿದವರು, ಕಿಟಕಿ ಮುಚ್ಚಿಕೊಳ್ಳಿ, ಹೊರಗೆ ಬರಬೇಡಿ ಎಂದು ತೆಲುಗಿನಲ್ಲಿ ಕೂಗುತ್ತ ಹೋದರು. ಅಪ್ಪ ತಂದ ವಾರದ ಸುದ್ದಿ ಸುಳ್ಳಾಗಿತ್ತು. ನಾನು ಬಾಲ್ಕನಿಗೆ ಓಡಿದೆ. ಅವ್ವ ರಟ್ಟೆ ಹಿಡಿದು ಒಳಗೆಳೆದಳು. ನೆಲ ಒಮ್ಮೆ ಅದುರಿತು, ಅಡುಗೆಮನೆಯ ಗೂಡಿನಿಂದ ತಾಟುಗಳು ಬಿದ್ದವು. ಧೂಳು ಇಳಿದ ಮೇಲೆ ಬಾಗಿಲು ತೆರೆದು ನೋಡಿದರೆ, ಬಂಡೆಯಿದ್ದಲ್ಲಿ ಬರೀ ಆಕಾಶವಿತ್ತು. ನನ್ನ ಹಾಳೆಯ ಮೇಲೆ ಆಕಾಶದ ನಡುವೆ ಬಂಡೆಯಾಕಾರದ ಬಿಳಿ ಖಾಲಿ ಜಾಗ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಬೇಸಿಗೆಯಿಡೀ ಕಲಿತದ್ದೆಲ್ಲ ಆ ಒಂದು ಮುಂಜಾವಿಗಾಗಿ ಇತ್ತು.

"ನೆನಪಿಲೆ ತುಂಬು," ಎಂದಳು ಅವ್ವ. "ಬೆಳ್ಳಗ ಇತ್ತಲ್ಲ, ಕಣ್ಣಿಗೆ ಚುಚ್ಚೂವಂಗ."

"ಬೆಳ್ಳಗ ಎಲ್ಲಿತ್ತು? ಗುಲಾಬಿ ಇತ್ತು," ಎಂದ ಅಪ್ಪ. "ದಿನಾ ಬಸ್ಸಿಗೆ ಹೋಗೂಮುಂದ ನೋಡ್ತೀನಿ."

"ಇಬ್ಬರದೂ ತಪ್ಪು. ಬದನಿಕಾಯಿ ಬಣ್ಣ. ಸಂಜೀಕ ಅದಕ್ಕ ಬೆನ್ನು ಹಚ್ಚಿ ಕುಂತ್ರ ಬೆಚ್ಚಗ ಇರತಿತ್ತು," ಎಂದಳು ಸುಮಿ.

ನಾಷ್ಟಕ್ಕೆ ಮಾಡಿದ ಚುರುಮುರಿ ಸುಸಲಾ ಆರಿಹೋಗುವವರೆಗೆ ಮೂವರೂ ವಾದಕ್ಕೆ ಬಿದ್ದರು. ಸುಮಿ ಪುರಾವೆಗೆಂದು ಅಡುಗೆಮನೆಯಿಂದ ನಿಜವಾದ ಬದನೆಕಾಯಿಯನ್ನೇ ತಂದು ಟೇಬಲ್ಲಿನ ಮೇಲಿಟ್ಟಳು. ದೊಡ್ಡವ್ವ ಯಾರ ಪರವೂ ಮಾತಾಡದೆ ಚಹಾ ಕುಡಿಯುತ್ತಿದ್ದಳು. ನಾನು ಅಳುತ್ತಿದ್ದವಳು ಅವರ ಮಾತನ್ನೇ ಕೇಳುತ್ತ ಕೂತೆ. ಅಪ್ಪ ಅದನ್ನು ಮುಂಜಾನೆ ಕಂಡಿದ್ದ, ಅವ್ವ ನಡುಮಧ್ಯಾಹ್ನ ಗಚ್ಚಿನ ಮೇಲಿಂದ ಕಂಡಿದ್ದಳು, ಸುಮಿ ಆಟದ ಹೊತ್ತಿನಲ್ಲಿ. ಮೂರೂ ಹೊತ್ತು ಕಂಡವಳು ನಾನೊಬ್ಬಳೇ. ಯಾರಿಗೂ ಹೇಳದೆ ಹಾಳೆ ಎತ್ತಿಕೊಂಡು ಬಾಲ್ಕನಿಗೆ ಹೋದೆ.

ಎಡಬದಿಗೆ ಅಪ್ಪನ ಗುಲಾಬಿಯನ್ನು ತೆಳ್ಳಗೆ ಹರಿಯಬಿಟ್ಟೆ. ಬಲಬದಿಗೆ, ಓರೆಯ ಕೆಳಗೆ, ಸುಮಿಯ ಬದನೆಕಾಯಿ. ನೆತ್ತಿಯ ಮೇಲೆ ಅವ್ವನ ಬಿಳಿ. ಅಲ್ಲಿ ಮಾತ್ರ ಕಾಗದವನ್ನು ಮುಟ್ಟಲಿಲ್ಲ, ಮುಟ್ಟಬೇಕು ಅಂತ ಅನ್ನಿಸಲೂ ಇಲ್ಲ. ತುಕ್ಕಿನ ಜಾಡು ಎಲ್ಲಿ ಇಳಿಯಬೇಕೆಂದು ಕೈಗೇ ಗೊತ್ತಿತ್ತು.

ದೊಡ್ಡವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಮೂರು ಹೊತ್ತಿನ ಬಿಸಿಲು ಒಂದ ಕಲ್ಲಿನ ಮ್ಯಾಲೆ ಹೆಂಗ ಬೀಳತೈತಿ? ಇದು ತಪ್ಪು," ಎಂದಳು. ಚಿತ್ರವನ್ನು ನನ್ನ ಕೈಗೆ ಕೊಡಲಿಲ್ಲ. "ಆದ್ರ ತಿದ್ದಬ್ಯಾಡ."

ಅಪ್ಪ ಬಂದು ನೋಡಿದ, ಅವ್ವ ನೋಡಿದಳು, ಸುಮಿ ನೋಡಿದಳು. ಮೂವರೂ ತಾವೇ ಗೆದ್ದೆವು ಅಂದುಕೊಂಡರು.

ಈಗ ನಾನು ಹೈದರಾಬಾದಿನದೇ ಕೊಂಡಾಪುರದಲ್ಲಿ ಮನೆ ಮಾಡಿದ್ದೇನೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬದುಕುತ್ತೇನೆ. ದೊಡ್ಡವ್ವ ಇಲ್ಲ. ಒಂದು ಬಂಡೆಯ ಬಣ್ಣಕ್ಕಾಗಿ ಮನೆಯವರೆಲ್ಲ ನಾಷ್ಟ ಬಿಟ್ಟು ಜಗಳಾಡುವಷ್ಟು ಪುರಸೊತ್ತು ನಮ್ಮಲ್ಲಿ ಯಾರಿಗೂ ಇಲ್ಲ. ಮನೆಯವರು ಇನ್ನೂ ಇರುವ ಮಣಿಕೊಂಡದ ಬಾಲ್ಕನಿಯಿಂದ ಈಗ ಎದುರಿನ ಅಪಾರ್ಟ್‌ಮೆಂಟಿನ ಬಚ್ಚಲ ಪೈಪುಗಳು ಕಾಣುತ್ತವೆ.

ಹೋದ ಭಾನುವಾರ ಮಣಿಕೊಂಡಕ್ಕೆ ಹೋದಾಗ, ಎದುರಿನ ಅಪಾರ್ಟ್‌ಮೆಂಟಿನ ಪುಟ್ಟ ಹುಡುಗಿಯೊಬ್ಬಳು ಸುಮಿಯ ಹತ್ತಿರ ಪಾಠಕ್ಕೆ ಬಂದಿದ್ದಳು. ಗೋಡೆಯ ಮೇಲಿನ ಬಡೇ ಗುಂಡಿನ ಚಿತ್ರ ನೋಡಿ, ಇದು ಯಾವ ಊರು ಎಂದು ತೆಲುಗಿನಲ್ಲಿ ಕೇಳಿದಳು. ಅಪ್ಪ ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಬಂಡೆ ಇದ್ದದ್ದು ಅಲ್ಲೇ ಎಂದು ಅವಳ ಮನೆಯನ್ನೇ ತೋರಿಸಿದ.

"ಹತ್ತಬಹುದಿತ್ತಾ?" ಎಂದು ಕೇಳಿದಳು. ನಾನು ಉತ್ಸಾಹದಿಂದ ಹೇಳತೊಡಗಿದೆ, ಬೇವಿನ ಬೇರು ಹಿಡಿದು ಮೊದಲು ಎಡಗಾಲು ಎಲ್ಲಿಡಬೇಕು, ಬಿಸಿಲಿಗೆ ಕಾದಿದ್ದರೆ ಚಪ್ಪಲಿಯನ್ನು ಹೇಗೆ ಅಡಿಗೆ ಹಾಕಿಕೊಂಡು ಜಾರಬೇಕು ಎಂದು. ಅವಳು ಗಂಭೀರವಾಗಿ ಕೇಳಿಸಿಕೊಂಡಳು.

"ನಮ್ಮಲ್ಲೂ ಒಂದು ಬಂಡೆ ಇದೆ ಆಂಟಿ," ಎಂದಳು ಕೊನೆಗೆ. "ಜಿಮ್ಮಿನ ಪಕ್ಕ, ಗೋಡೆಗೆ ಅಂಟಿಸಿದ್ದಾರೆ. ಪ್ಲಾಸ್ಟಿಕ್ಕಿಂದು. ಶನಿವಾರ ಮಾತ್ರ ಹತ್ತೋಕೆ ಬಿಡ್ತಾರೆ."

ಅಪ್ಪನೂ ನಾನೂ ಜೋರಾಗಿ ನಕ್ಕೆವು. ಅವಳು ಹೋದ ಮೇಲೆ ಅಪ್ಪ ಗೋಡೆಯ ಮೇಲಿನ ಚಿತ್ರದ ಧೂಳು ಒರೆಸಿದ.